ಹೊರಗೆ ಕಪ್ಪು, ಒಳಗೆ ಬಿಳಿ: ಸ್ಕಿಯಾಪರೆಲ್ಲಿಯ ಬೋ ಸ್ವೆಟರ್

ದೂರದಿಂದ ನೋಡಿದರೆ ಕಪ್ಪು ಸ್ವೆಟರಿನ ಕುತ್ತಿಗೆಗೆ ಬಿಳಿ ಸ್ಕಾರ್ಫ್ ಸುತ್ತಿ ಎದೆಯ ಮೇಲೆ ದೊಡ್ಡ ಬೋ, ಅಂದರೆ ಚಿಟ್ಟೆಯಂಥ ಗಂಟು, ಕಟ್ಟಿದಂತೆ ಕಾಣುತ್ತದೆ. ಹತ್ತಿರ ಬಂದರೆ ಸ್ಕಾರ್ಫೂ ಇಲ್ಲ, ಗಂಟೂ ಇಲ್ಲ. ಎಲ್ಲವೂ ಹೆಣಿಗೆಯಲ್ಲೇ ಮೂಡಿದ ಚಿತ್ರ. ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ 1927ರಲ್ಲಿ ಪ್ಯಾರಿಸ್‌ನಲ್ಲಿ ಹೊರತಂದ ಈ ಸ್ವೆಟರಿಗೆ ನೂರು ವರ್ಷ ತುಂಬುತ್ತ ಬಂದಿದ್ದರೂ ಇದನ್ನು ಹೆಣೆಯುವವರು, ನಕಲು ಮಾಡುವವರು, ನಕಲನ್ನು ಕೊಳ್ಳುವವರು ಕಡಿಮೆಯಾಗಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡೂ ಬಣ್ಣದ ದಾರಗಳನ್ನು ಮೈತುಂಬ ಒಟ್ಟಿಗೆ ಒಯ್ದು ಕೈಯಲ್ಲಿ ಹೆಣೆದ ಸ್ವೆಟರು ಹಾಕಿದ ಶ್ರಮಕ್ಕೆ ಪೂರ್ತಿ ತಕ್ಕದ್ದು. ಬೋ ಚಿತ್ರವನ್ನಷ್ಟೇ ಎತ್ತಿಕೊಂಡು ಉಳಿದ ಮೈಯನ್ನು ಬರಿಯ ಕಪ್ಪಾಗಿ ಬಿಟ್ಟ ನಕಲು ಯಾವ ಬೆಲೆಗೂ ಬೇಡ. ಈ ಉಡುಪಿನ ಜೀವ ಇರುವುದು ಬೋನಲ್ಲಲ್ಲ, ಹಿಂಬದಿಯಲ್ಲಿ ಅವಿತು ಸಾಗುವ ಬಿಳಿ ದಾರದಲ್ಲಿ.

ಆ ಬಿಳಿ ದಾರ ಅಲ್ಲಿಗೆ ಹೇಗೆ ಬಂತು ಎಂಬುದು ಪರದೇಶದಲ್ಲಿ ಬದುಕು ಕಟ್ಟಿಕೊಂಡ ಇಬ್ಬರು ಹೆಂಗಸರ ಕೆಲಸದ ಕಥೆ. ಸ್ಕಿಯಾಪರೆಲ್ಲಿ ರೋಮ್‌ನಲ್ಲಿ 1890ರಲ್ಲಿ ಹುಟ್ಟಿದವರು. ಲಂಡನ್‌ನಲ್ಲಿ ಮದುವೆಯಾಗಿ, ನ್ಯೂಯಾರ್ಕ್‌ನಲ್ಲಿ ಗಂಡ ಕೈಬಿಟ್ಟ ಮೇಲೆ, 1922ರಲ್ಲಿ ಪುಟ್ಟ ಮಗಳೊಂದಿಗೆ ಪ್ಯಾರಿಸ್ ಸೇರಿದರು. ಹೊಲಿಗೆಯನ್ನು ಯಾರಲ್ಲೂ ಕಲಿತವರಲ್ಲ. ಪರಿಚಿತೆಯೊಬ್ಬರು ತೊಟ್ಟಿದ್ದ ಸ್ವೆಟರು ಎಲ್ಲ ಸ್ವೆಟರುಗಳಂತೆ ಜೋತುಬೀಳದೆ ಗಟ್ಟಿಯಾಗಿ ನಿಂತಿದ್ದನ್ನು ಕಂಡು, ಅದನ್ನು ಹೆಣೆದವರನ್ನು ಹುಡುಕಿಕೊಂಡು ಹೋದರು. ಸಿಕ್ಕವರು ಪ್ಯಾರಿಸ್‌ನಲ್ಲೇ ನೆಲೆಸಿದ್ದ ಅರ್ಮೇನಿಯದ ಅರೂಸಿಯಾಗ್ ಮಿಕಾಯೆಲಿಯನ್. ಮಕ್ಕಳು ಗೀಚಿದಂಥ ಒಂದು ಬೋ ಚಿತ್ರವನ್ನು ಮುಂದಿಟ್ಟು, ಕಪ್ಪಿನ ಮೇಲೆ ಬಿಳಿ ಬೋ ಬರಬೇಕು, ಕಪ್ಪಿನ ಅಡಿಯಲ್ಲೂ ಬಿಳಿ ಇರಬೇಕು ಎಂದು ಸ್ಕಿಯಾಪರೆಲ್ಲಿ ಕೇಳಿದರು. ಮೊದಲನೆಯದು ಸೊಟ್ಟಗಾಗಿ ಮಗುವಿಗಷ್ಟೇ ಸಾಲುವಷ್ಟು ಚಿಕ್ಕದಾಯಿತು. ಎರಡನೆಯದು ವಾಸಿ, ಆದರೆ ಸರಿಯಿಲ್ಲ. ಗೆದ್ದದ್ದು ಮೂರನೆಯದು. ಇದನ್ನು ಸ್ಕಿಯಾಪರೆಲ್ಲಿ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಸ್ವೆಟರನ್ನು ತೊಟ್ಟು ಊಟದ ಕೂಟವೊಂದಕ್ಕೆ ಹೋದಾಗ, ನ್ಯೂಯಾರ್ಕಿನ ಅಂಗಡಿಯೊಂದರ ಖರೀದಿದಾರರು 40 ಸ್ವೆಟರು, ಜೊತೆಗೆ 40 ಸ್ಕರ್ಟುಗಳಿಗೆ ಅಲ್ಲೇ ಬೇಡಿಕೆ ಇಟ್ಟರು. ಸ್ವೆಟರುಗಳನ್ನು ಹೆಣೆದುಕೊಟ್ಟದ್ದು ಪ್ಯಾರಿಸ್‌ನಲ್ಲಿದ್ದ ಅರ್ಮೇನಿಯದ ಹೆಂಗಸರೇ.

ಮೊದಲೆರಡು ಪ್ರಯತ್ನ ಕೆಟ್ಟ ಬಗೆಯನ್ನು ನೆನಪಿಡಿ. ಸೊಟ್ಟ, ಮತ್ತು ಚಿಕ್ಕದು. ಇವತ್ತು ಮೊದಲ ಸಲ ಇದನ್ನು ಹೆಣೆಯುವವರೂ ಇದೇ ಎರಡು ಗುಂಡಿಗಳಿಗೆ ಬೀಳುತ್ತಾರೆ, ಮತ್ತು ಎರಡಕ್ಕೂ ಕಾರಣ ಹಿಂದಿನ ದಾರದ ಬಿಗಿತ.

ಹೆಣಿಗೆಯ ಗುಟ್ಟು ಇಷ್ಟು. ಕಡ್ಡಿಯ ಮೇಲಿನ ಪ್ರತಿ ಕುಣಿಕೆಯನ್ನೂ ಕಪ್ಪಿನಲ್ಲಿ ಹೆಣೆಯುತ್ತ ಹೋಗುವಾಗ ಬಿಳಿ ದಾರ ಹಿಂಬದಿಯಲ್ಲಿ ಜೊತೆಗೇ ಬರುತ್ತದೆ. ಪ್ರತಿ ಮೂರು ಅಥವಾ ನಾಲ್ಕು ಕುಣಿಕೆಗೊಮ್ಮೆ ಅದನ್ನು ಕಪ್ಪು ದಾರ ಹಿಂದಿನಿಂದ ಹಿಡಿದುಕೊಳ್ಳುತ್ತದೆ. ಹಿಡಿದ ಕಡೆ ಬಿಳಿ ಎರಡು ಕುಣಿಕೆಗಳ ಸಂದಿಯಿಂದ ತುಸುವೇ ಇಣುಕುತ್ತದೆ. ಹೀಗೆ ಮೈಯೆಲ್ಲ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಬಂದು ಉಡುಪು ಹೆಣಿಗೆಗಿಂತ ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯಂತೆ ಕಾಣುತ್ತದೆ. ಎರಡು ದಾರಗಳ ದಪ್ಪ ಸೇರಿ ಬಟ್ಟೆ ಗಟ್ಟಿಯಾಗುತ್ತದೆ, ಹಿಗ್ಗುವುದು ಕಡಿಮೆಯಾಗುತ್ತದೆ, ಮೊಣಕೈ ಬಳಿ ಚೀಲ ಬೀಳುವುದಿಲ್ಲ. ಇನ್ನೊಂದು ಲಾಭವೂ ಇದೆ: ಬಿಳಿ ಎಲ್ಲೆಡೆ ಇರುವುದರಿಂದ ಬೋ ಬರುವ ಜಾಗದಲ್ಲಿ ಹೊಸ ದಾರ ಸೇರಿಸಬೇಕಿಲ್ಲ, ಎರಡು ದಾರಗಳ ಪಾತ್ರ ಅದಲುಬದಲಾದರೆ ಸಾಕು.

ದಾರದ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬೇಡಿ. 100 ಗ್ರಾಮಿಗೆ ಸುಮಾರು 400 ಮೀಟರ್ ಬರುವ, ತುಸು ಒರಟಾದ ಅಪ್ಪಟ ಉಣ್ಣೆ ಬೇಕು. ಯಂತ್ರದಲ್ಲಿ ಒಗೆಯಬಹುದೆಂದು ಸಂಸ್ಕರಿಸಿದ ಸೂಪರ್‌ವಾಷ್ ಉಣ್ಣೆಯ ಎಳೆ ನುಣುಪಾಗಿರುತ್ತದೆ. ಹಿಂಬದಿಯ ದಾರ ಹಿಡಿದ ಜಾಗದಲ್ಲಿ ನಿಲ್ಲದೆ ಜಾರುತ್ತದೆ, ಒಂದೆರಡು ಒಗೆತಕ್ಕೆ ಚುಕ್ಕೆಗಳು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮಾಯವಾಗುತ್ತವೆ. ಅಕ್ರಿಲಿಕ್‌ನದೂ ಇದೇ ಗತಿ. ಹತ್ತಿ ದಾರದಲ್ಲಿ ಹೆಣೆದರೆ ಭಾರಕ್ಕೆ ಇಡೀ ಸ್ವೆಟರು ಕೆಳಗಿಳಿಯುತ್ತದೆ. 92 ಸೆಂಟಿಮೀಟರ್ ಸುತ್ತಳತೆಯ, ಉದ್ದ ತೋಳಿನ ಸ್ವೆಟರಿಗೆ ಕಪ್ಪು 300 ಗ್ರಾಮ್, ಬಿಳಿ 150ರಿಂದ 200 ಗ್ರಾಮ್ ಹಿಡಿಯುತ್ತದೆ. ಬಿಳಿ ದಾರ ಬೋಗೆ ಮಾತ್ರ ಸಾಕೆಂದು 50 ಗ್ರಾಮಿನ ಒಂದೇ ಉಂಡೆ ತಂದವರಿಗೆ ಸ್ವೆಟರು ಮುಗಿಯುವ ಮುಂಚೆಯೇ ದಾರ ತೀರುತ್ತದೆ. ಬೇರೆ ಬ್ಯಾಚಿನ ಬಿಳಿ ತಂದು ಮುಂದುವರಿಸಿದರೆ ಚುಕ್ಕೆಗಳ ಛಾಯೆ ಅಡ್ಡಪಟ್ಟಿಯಂತೆ ಬದಲಾಗುವುದು ಹಗಲಿನಲ್ಲಿ ಎದ್ದುಕಾಣುತ್ತದೆ.

ಕಪ್ಪು ದಾರ ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆ ಕಡ್ಡಿ ಹಿಡಿಯುವ ಮೊದಲೇ ಆಗಬೇಕು. ಒಂದು ಮೊಳದಷ್ಟು ದಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಒತ್ತಿ, ರಾತ್ರಿಯಿಡೀ ಬಿಡಿ. ಬಟ್ಟೆ ಬೂದಾದರೆ ಆ ದಾರ ಬೇರೆ ಕೆಲಸಕ್ಕಿರಲಿ. ಇಲ್ಲಿ ಕಪ್ಪಿಗೂ ಬಿಳಿಗೂ ಅಂಗೈ ಅಗಲದ ಅಂತರವೂ ಇಲ್ಲ. ಒಮ್ಮೆ ಬಣ್ಣ ಹತ್ತಿದರೆ ತೆಗೆಯುವ ದಾರಿಯಿಲ್ಲ, ಏಕೆಂದರೆ ಕ್ಲೋರಿನ್ ಬ್ಲೀಚ್ ಉಣ್ಣೆಯನ್ನೇ ಕರಗಿಸಿಬಿಡುತ್ತದೆ.

ಲೆಕ್ಕಕ್ಕೆ ಬರೋಣ. 3 ಮಿಲಿಮೀಟರ್ ಕಡ್ಡಿಯಲ್ಲಿ, ಬಿಳಿಯನ್ನು ಜೊತೆಗೆ ಒಯ್ಯುತ್ತ ಹೆಣೆದಾಗ 10 ಸೆಂಟಿಮೀಟರಿಗೆ 28 ಕುಣಿಕೆ, 32 ಸಾಲು ಬರುವುದು ಒಳ್ಳೆಯ ಗುರಿ. ಮಾದರಿ ತುಂಡನ್ನು ಕನಿಷ್ಠ 15 ಸೆಂಟಿಮೀಟರ್ ಅಗಲ ಹೆಣೆದು, ಒಗೆದು, ಒಣಗಿಸಿ ಆಮೇಲೆ ಎಣಿಸಿ. ಬರಿಯ ಕಪ್ಪಿನಲ್ಲಿ ಹೆಣೆದ ತುಂಡು ಇಲ್ಲಿ ಉಪಯೋಗಕ್ಕಿಲ್ಲ. 92 ಸೆಂಟಿಮೀಟರಿಗೆ 258 ಕುಣಿಕೆ ಬೇಕು. ಅಷ್ಟೇ ಕುಣಿಕೆಗಳನ್ನು 10 ಸೆಂಟಿಮೀಟರಿಗೆ 26ರ ಸಡಿಲ ಕೈಯಲ್ಲಿ ಹೆಣೆದರೆ ಸುತ್ತಳತೆ 99 ಸೆಂಟಿಮೀಟರ್ ದಾಟುತ್ತದೆ, 30ರ ಬಿಗಿ ಕೈಯಲ್ಲಿ 86ಕ್ಕೆ ಕುಗ್ಗುತ್ತದೆ. ತೋಳು ಸೇರಿ ಒಟ್ಟು 65ರಿಂದ 70 ಸಾವಿರ ಕುಣಿಕೆಗಳ ಕೆಲಸವಿದು. ನಿಮಿಷಕ್ಕೆ 20ರ ವೇಗವಿದ್ದವರಿಗೂ 55 ಗಂಟೆಯ ಆಸುಪಾಸು ಬೇಕು. ಇಷ್ಟು ದುಡಿಮೆಯ ಮುಂದೆ ಮಾದರಿ ತುಂಡಿಗೆ ಒಂದು ಸಂಜೆ ಕೊಡುವುದು ದೊಡ್ಡದಲ್ಲ.

ದಾರ ಹಿಡಿಯುವ ಕ್ರಮ ಹೀಗೆ. ಕಪ್ಪು ಬಲಗೈಯಲ್ಲಿ, ಬಿಳಿ ಎಡಗೈಯಲ್ಲಿ. ಮಾಮೂಲಿ ಕುಣಿಕೆ ಹೆಣೆಯುವಾಗ ಬಿಳಿ ಕೆಳಗಿರುತ್ತದೆ. ಹಿಡಿಯಬೇಕಾದ ಕುಣಿಕೆ ಬಂದಾಗ ಬಲಗಡ್ಡಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಬಿಳಿ ದಾರದ ಅಡಿಯಿಂದ ಹಾಯಿಸಿ, ಕಪ್ಪನ್ನು ಸುತ್ತಿ, ಕಪ್ಪನ್ನು ಮಾತ್ರ ಹೊರಗೆಳೆಯಿರಿ. ಮುಂದಿನ ಕುಣಿಕೆಯಲ್ಲಿ ಬಿಳಿ ಮತ್ತೆ ಕೆಳಗಿಳಿದರೆ ಅದು ಸಿಕ್ಕಿಕೊಂಡಂತೆ. ಬೋ ಒಳಗೆ ಬಿಳಿಯಲ್ಲಿ ಹೆಣೆಯುತ್ತ ಬಲಗೈಯ ಕಪ್ಪನ್ನು ಹಿಡಿಯಬೇಕಾದಾಗ ಕ್ರಮ ಬೇರೆ: ಕಪ್ಪನ್ನು ಹೆಣೆಯುವಂತೆಯೇ ಕಡ್ಡಿಗೆ ಸುತ್ತಿ, ಬಿಳಿಯನ್ನೂ ಸುತ್ತಿ, ಕಪ್ಪನ್ನು ಬಂದ ದಾರಿಯಲ್ಲೇ ಬಿಚ್ಚಿ, ಬಿಳಿಯನ್ನು ಹೊರಗೆಳೆಯಬೇಕು. ಈ ಎರಡನೆಯದನ್ನು ಮಾದರಿ ತುಂಡಿನಲ್ಲಿ ಕೈಗೆ ಹತ್ತಿಸಿಕೊಳ್ಳದಿದ್ದರೆ ಬೋ ಅಂಚಿನಲ್ಲಿ ಎರಡೂ ದಾರ ಒಟ್ಟಿಗೆ ಹೊರಬಂದು ಬೂದು ಕಲೆ ಬೀಳುತ್ತದೆ.

ಹಿಡಿಯುವ ಜಾಗ ಸಾಲಿನಿಂದ ಸಾಲಿಗೆ ಬದಲಾಗಬೇಕು. ಪ್ರತಿ 4ನೇ ಕುಣಿಕೆಯಲ್ಲಿ ಹಿಡಿಯುವುದಾದರೆ ಮುಂದಿನ ಸಾಲಿನಲ್ಲಿ 2 ಕುಣಿಕೆ ಸರಿಸಿ, ಇಟ್ಟಿಗೆ ಜೋಡಿಸಿದ ಹಾಗೆ. ಒಂದರ ಮೇಲೊಂದು ಅದೇ ಕುಣಿಕೆಯಲ್ಲಿ ಹಿಡಿದರೆ ಮೈಯುದ್ದಕ್ಕೂ ನೆಟ್ಟಗೆ ಏಣುಗಳು ಏಳುತ್ತವೆ. ಇಸ್ತ್ರಿಗಾಗಲಿ ಒಗೆತಕ್ಕಾಗಲಿ ಅವು ಮಲಗುವುದಿಲ್ಲ. 258 ಎಂಬುದು 4ರಿಂದ ಭಾಗವಾದರೆ 2 ಉಳಿಯುತ್ತದೆ, ಹಾಗಾಗಿ ಸುತ್ತಾಗಿ ಹೆಣೆಯುವವರಿಗೆ ಈ 2 ಕುಣಿಕೆಯ ಸರಿತ ತಾನಾಗಿಯೇ ಒದಗುತ್ತದೆ. ಬೇರೆ ಅಳತೆಯವರು ಹೀಗೆಯೇ 2 ಉಳಿಯುವ ಸಂಖ್ಯೆಯನ್ನೇ ಆರಿಸಿಕೊಳ್ಳಲಿ.

ಇನ್ನು ಬಿಗಿತ. ಹಿಂಬದಿಯ ದಾರವನ್ನು ಎಳೆದು ಹಿಡಿದರೆ ಬಟ್ಟೆ ನೆರಿಗೆಗಟ್ಟಿ ಸ್ವೆಟರು ಚಿಕ್ಕದಾಗುತ್ತದೆ, ಒಂದೊಂದು ಸಾಲು ಒಂದೊಂದು ಬಗೆಯಲ್ಲಿ ಬಿಗಿಯಾದರೆ ಸೊಟ್ಟಗಾಗುತ್ತದೆ. ಪ್ರತಿ 15 ಕುಣಿಕೆಗೊಮ್ಮೆ ನಿಂತು, ಹೆಣೆದದ್ದನ್ನು ಬಲಗಡ್ಡಿಯ ಮೇಲೆ ಹರಡಿ ಎಳೆದುಬಿಡಿ, ಆಮೇಲೆ ಮುಂದುವರಿಯಿರಿ. ತೋಳು ಕಿರಿದಾದ ಕೊಳವೆಯಾದ್ದರಿಂದ ಅಲ್ಲಿ ಕೈ ತಾನಾಗಿಯೇ ಬಿಗಿಯುತ್ತದೆ. ಅಲ್ಲಿಗೆ 3.25 ಮಿಲಿಮೀಟರ್ ಕಡ್ಡಿ ಬಳಸುವುದು ಉತ್ತಮ. ತೀರ ಸಡಿಲ ಬಿಟ್ಟರೂ ಕೆಡುತ್ತದೆ: ಬಿಳಿ ಮುಂದಕ್ಕೆ ನುಗ್ಗಿ ಚುಕ್ಕೆಯ ಬದಲು ಗೀರಾಗುತ್ತದೆ.

ಬೋ ಚಿತ್ರವನ್ನು ಮಾಮೂಲಿ ಚೌಕುಳಿ ಹಾಳೆಯಲ್ಲಿ ಬರೆಯುವುದು ಹೆಚ್ಚಿನವರು ಮಾಡುವ ತಪ್ಪು. ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. ಮೇಲಿನ ಅಳತೆಯಲ್ಲಿ 40 ಚೌಕ ಅಗಲ, 40 ಚೌಕ ಎತ್ತರ ಬರೆದದ್ದು ಬಟ್ಟೆಯ ಮೇಲೆ 14.3 ಸೆಂಟಿಮೀಟರ್ ಅಗಲ, 12.5 ಸೆಂಟಿಮೀಟರ್ ಎತ್ತರವಾಗಿ ಬಂದು ಬೋ ಯಾರೋ ಮೇಲಿಂದ ಅದುಮಿದಂತೆ ಕಾಣುತ್ತದೆ. ಎತ್ತರವನ್ನು ಏಳಕ್ಕೆ ಎಂಟರಂತೆ ಹೆಚ್ಚಿಸಿಕೊಳ್ಳಿ. 258ರಲ್ಲಿ ಮುಂಭಾಗಕ್ಕೆ 129 ಬರುತ್ತದೆ, ನಡುವಿನ ಕುಣಿಕೆ 65ನೆಯದು. 24 ಸೆಂಟಿಮೀಟರ್ ಅಗಲದ ಬೋಗೆ 67 ಕುಣಿಕೆ ಬೇಕು. ಅಂದರೆ 32ನೇ ಕುಣಿಕೆಯಿಂದ 98ರವರೆಗೆ, ಎರಡೂ ಪಕ್ಕ 31 ಉಳಿಸಿ. ಬೋ ಗಂಟು ಕುತ್ತಿಗೆಯ ಪಟ್ಟಿಗೆ ತಾಗಿಕೊಂಡೇ ಇರಬೇಕು. ನಾಲ್ಕು ಬೆರಳು ಕೆಳಗಿಳಿದರೂ ಸ್ಕಾರ್ಫ್ ಕಟ್ಟಿದ ಭ್ರಮೆ ಮುರಿದು, ಹೊಟ್ಟೆಯ ಮೇಲೆ ಅಂಟಿಸಿದ ಚಿಟ್ಟೆಯಾಗುತ್ತದೆ. ಅಂಚುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ನಯ ಮಾಡಬೇಡಿ. ಮಗುವಿನ ಗೀಚುಬರಹದ ಒರಟು ಇದ್ದರೇ ಇದಕ್ಕೆ ಕಳೆ. ಬಿಳಿಯ ಭಾಗದಲ್ಲಿ ಹಿಂದಿನ ಕಪ್ಪು ಹೆಚ್ಚು ಎದ್ದುಕಾಣುವುದರಿಂದ ಅಲ್ಲಿ ಪ್ರತಿ 5 ಕುಣಿಕೆಗೊಮ್ಮೆ ಹಿಡಿದರೆ ಸಾಕು, ಇಲ್ಲವಾದರೆ ಬೋ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮುಂಗೈ ಪಟ್ಟಿಯೂ ಬಿಳಿಯಾಗಿದ್ದರೆ ಕತ್ತಿನ ಬಿಳಿಗೆ ಜೋಡಿಯಾಗಿ ಒಪ್ಪುತ್ತದೆ.

ಅಳತೆಯ ವಿಷಯದಲ್ಲಿ ಈ ಸ್ವೆಟರು ಕರುಣೆಯಿಲ್ಲದ್ದು. ಹಿಗ್ಗದ ಬಟ್ಟೆಯಾದ್ದರಿಂದ ಎದೆ ಅಳತೆಗಿಂತ 6ರಿಂದ 8 ಸೆಂಟಿಮೀಟರ್ ಸಡಿಲ ಇರಲೇಬೇಕು. ಮೇಲೆ ಹೇಳಿದ 92 ಸೆಂಟಿಮೀಟರಿನ ಸ್ವೆಟರು 84ರಿಂದ 86ರ ಎದೆಯವರಿಗೆ ಸರಿ. ಕುತ್ತಿಗೆ ಬಾಯಿ ತಲೆಯ ಸುತ್ತಳತೆಗೆ ಸರಿಹೋಗಬೇಕು. 56 ಸೆಂಟಿಮೀಟರ್ ತಲೆಗೆ 54ಕ್ಕಿಂತ ಕಡಿಮೆ ಇಟ್ಟರೆ ಕಿವಿ ಕಿತ್ತುಬರುವಷ್ಟು ಎಳೆಯಬೇಕಾಗುತ್ತದೆ, ಎಳೆದಷ್ಟೂ ಹಿಂಬದಿಯ ದಾರ ಹರಿಯುತ್ತದೆ. ಮುಗಿದ ಮೇಲೆ ಪಕ್ಕ ಹಿಡಿದು ಚಿಕ್ಕದು ಮಾಡುವಂತೆಯೂ ಇಲ್ಲ, ಬೋ ನಡುವಿನಿಂದ ಸರಿದುಬಿಡುತ್ತದೆ. ದುಬಾರಿ ಉಡುಪು ಕೊಂಡು ಅದನ್ನು ತಮಗೆ ತೋಚಿದಂತೆ ಬದಲಾಯಿಸಿ ಕೆಡಿಸುವ ಹೆಂಗಸು ದುಂದುಗಾತಿಯೂ ಹೌದು, ದಡ್ಡಿಯೂ ಹೌದು ಎಂದು ಸ್ಕಿಯಾಪರೆಲ್ಲಿ ನೇರವಾಗಿಯೇ ಹೇಳಿದ್ದರು. ನೂರಕ್ಕೆ ತೊಂಬತ್ತು ಹೆಂಗಸರು ಎದ್ದುಕಾಣಲು ಹೆದರಿ ಬೂದು ಬಣ್ಣದ ಸೂಟು ಕೊಳ್ಳುತ್ತಾರೆಂದೂ ಗದರಿದವರು ಅವರು. ಮಾತು ಖಾರ, ಆದರೆ ಈ ಉಡುಪಿನ ಮಟ್ಟಿಗೆ ಎರಡೂ ಸಲಹೆ ಸರಿ: ಮೊದಲೇ ಅಳೆಯಿರಿ, ಮತ್ತು ಬೋ ದೊಡ್ಡದಾಯಿತೆಂದು ಅಂಜಿ ಚಿಕ್ಕದು ಮಾಡಬೇಡಿ. 12 ಸೆಂಟಿಮೀಟರಿನ ಬೋ ಜೇಬಿನ ಮೇಲಿನ ಬಿಲ್ಲೆಯಂತೆ ಕಾಣುತ್ತದೆ.

ಸಿದ್ಧ ಸ್ವೆಟರು ಕೊಳ್ಳುವವರು ಮೊದಲು ಒಳಮಗ್ಗುಲು ತಿರುಗಿಸಲಿ. ಒಳಗೆ ಬರಿಯ ಕಪ್ಪು ಕಂಡು, ಬೋ ಹಿಂದೆ ಮಾತ್ರ ಬಿಳಿಯಿದ್ದರೆ ಅದು ಇಂಟಾರ್ಸಿಯಾ, ಅಂದರೆ ಬಣ್ಣದ ತುಂಡನ್ನು ಅಲ್ಲಲ್ಲೇ ಹೆಣೆದು ಸೇರಿಸಿದ್ದು. ಚುಕ್ಕೆಗಳಿರುವುದಿಲ್ಲ, ಎರಡು ಬಣ್ಣ ಕೂಡುವ ಅಂಚಿನಲ್ಲಿ ಕ್ರಮೇಣ ತೂತು ಬೀಳುತ್ತದೆ. ಒಳಗೆ ಉದ್ದುದ್ದ ಬಿಳಿ ಎಳೆಗಳು ಹಿಡಿತವಿಲ್ಲದೆ ಜೋತಿದ್ದರೆ ಉಂಗುರ, ಬಳೆ ಸಿಕ್ಕಿ ಕಿತ್ತುಬರುತ್ತವೆ. ಒಳಗೆ ಎರಡು ಬಣ್ಣಗಳೂ ಒತ್ತಾಗಿ, ಹಕ್ಕಿಯ ಕಣ್ಣುಗಳಂತೆ ಒಂದರ ಪಕ್ಕ ಒಂದು ಕೂತಿದ್ದರೆ ಅದು ಯಂತ್ರದ ಜಕಾರ್ಡ್. ಬಾಳಿಕೆಗೆ ಪರವಾಗಿಲ್ಲ, ಆದರೆ ದಪ್ಪ ಹೆಚ್ಚು, ಮೈಗೆ ಬಾಗುವುದಿಲ್ಲ, ಮುಂಬದಿಯಲ್ಲಿ ಬಿಳಿ ಇಣುಕುವುದೂ ಇಲ್ಲ. ಕಪ್ಪಿನ ಮೇಲೆ ಚುಕ್ಕೆಗಳನ್ನು ಅಚ್ಚು ಹಾಕಿ ಅಪ್ಪಟದ ವೇಷ ಕೊಟ್ಟವೂ ಇವೆ. ಬಟ್ಟೆಯನ್ನು ಅಡ್ಡಕ್ಕೆ ಎಳೆದರೆ ಅಚ್ಚಿನ ಚುಕ್ಕೆ ಒಡೆಯುತ್ತದೆ, ಹೆಣೆದ ಚುಕ್ಕೆ ಇನ್ನಷ್ಟು ಬಿಳಿಯಾಗಿ ಹೊರಬರುತ್ತದೆ. ಅಪ್ಪಟದ ರೂಪ ಹೇಗಿರುತ್ತದೆಂದು ತಿಳಿಯಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿರುವ ಸ್ವೆಟರಿನ ಚಿತ್ರ ನೋಡಿ. ಕಪ್ಪು ಎಲ್ಲೂ ಪೂರ್ತಿ ಕಪ್ಪಲ್ಲ.

ಇದನ್ನು ಹೊರತಂದವರ ಮುಂದಿನ ಬದುಕನ್ನು ಬಿಟ್ಟು ಈ ಉಡುಪನ್ನು ತೂಗುವುದು ನ್ಯಾಯವಲ್ಲ. 1941ರಿಂದ 1945ರವರೆಗೆ, ಯುದ್ಧದ ವರ್ಷಗಳಲ್ಲಿ, ಸ್ಕಿಯಾಪರೆಲ್ಲಿ ನ್ಯೂಯಾರ್ಕ್‌ನಲ್ಲಿದ್ದರು. ಅಲ್ಲಿ ಉಡುಪು ವಿನ್ಯಾಸ ಮಾಡುವುದು ಪ್ಯಾರಿಸ್‌ಗೆ ಬಗೆದ ದ್ರೋಹವೆಂದು ಭಾವಿಸಿ ಕಸುಬಿನಿಂದ ದೂರವೇ ಉಳಿದು, ಬೆಲ್‌ವ್ಯೂ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿಯಾಗಿ ದುಡಿದರು. ಹಿಂತಿರುಗಿದಾಗ ಪ್ಯಾರಿಸ್‌ನ ಅಭಿರುಚಿ ಬೇರೆ ದಾರಿ ಹಿಡಿದಿತ್ತು. 1947ರಲ್ಲಿ ವಿನ್ಯಾಸಕ ಕ್ರಿಸ್ತಿಯಾನ್ ದಿಯೋರ್ ಸೊಂಟ ಬಿಗಿದು ಸ್ಕರ್ಟು ಅರಳಿಸಿ ಎಲ್ಲರನ್ನೂ ಸೆಳೆದುಕೊಂಡರು. 1954ರಲ್ಲಿ ಸ್ಕಿಯಾಪರೆಲ್ಲಿ ತಮ್ಮ ಉಡುಪಿನ ಮನೆ ಮುಚ್ಚಿದರು. ಆತ್ಮಕಥೆ ಬಂದದ್ದೂ ಅದೇ ವರ್ಷ. ಉಡುಪು ಹುಟ್ಟಿದ ಗಳಿಗೆಯಲ್ಲೇ ಹಳತಾಗುತ್ತದೆ, ಚಿತ್ರದಂತೆ ಗೋಡೆಯ ಮೇಲೆ ತೂಗುಹಾಕುವಂಥದ್ದಲ್ಲ, ತೊಡುವವರು ಅದಕ್ಕೆ ಜೀವ ಕೊಡಬಹುದು ಅಥವಾ ಹಾಳುಗೆಡವಬಹುದು ಎಂಬ ಕೊರಗು ಅದರಲ್ಲಿದೆ. ಆ ಕೊರಗು ಅವರ ಎಷ್ಟೋ ಉಡುಪುಗಳ ಮಟ್ಟಿಗೆ ನಿಜ. ಚಿತ್ರಕಾರ ಸಾಲ್ವದೋರ್ ಡಾಲಿಯೊಡನೆ ಸೇರಿ ಮಾಡಿದ 1937ರ, ಲಾಬ್‌ಸ್ಟರ್ ಎಂಬ ಕಡಲಜೀವಿಯ ಚಿತ್ರದ ಉಡುಪನ್ನಾಗಲಿ, 1938ರ ಎಲುಬುಗೂಡಿನ ಉಡುಪನ್ನಾಗಲಿ ಇಂದು ಯಾರೂ ತೊಟ್ಟು ಕೆಲಸಕ್ಕೆ ಹೋಗಲಾರರು. ಬೋ ಸ್ವೆಟರನ್ನು ತೊಟ್ಟು ಹೋಗಬಹುದು. ಅರೂಸಿಯಾಗ್ ಅವರ ಕೈ ತಿಳಿದಿದ್ದ ಹಿಡಿತವನ್ನು ಇಂದು ಹೆಣೆಯುವ ಕೈಗಳು ಮತ್ತೆ ಕಲಿಯುತ್ತಿರುವುದರಿಂದ ಈ ಒಂದು ಉಡುಪಿಗೆ ಆ ಮಾತು ತಾಗುವುದಿಲ್ಲ ಎಂದು ನಾವು ದೃಢವಾಗಿ ನಂಬುತ್ತೇವೆ.

ತೊಡುವ ಅನುಭವದ ಬಗ್ಗೆ ಚುಟುಕಾಗಿ: ತೂಕ ಅರ್ಧ ಕಿಲೋದ ಒಳಗೆ, ಬೆಚ್ಚಗೆ ಬಹಳ. ಗಾಳಿ ಹಾಯುವುದು ಕಡಿಮೆ, ಹಾಗಾಗಿ ಸೆಕೆಯ ದಿನಕ್ಕೆ ಬೇಡ. ಒಳಗೆ ತೆಳುವಾದ ಅಂಗಿಯಿರಲಿ, ಕಂಕುಳ ಬೆವರು ಬಿಳಿ ದಾರವನ್ನು ಹಳದಿ ಮಾಡುತ್ತದೆ.

ಒಗೆಯುವುದು ತಣ್ಣೀರಿನಲ್ಲಿ, ಉಣ್ಣೆಯ ಸಾಬೂನಿನಲ್ಲಿ, 10 ನಿಮಿಷಕ್ಕಿಂತ ಹೆಚ್ಚಿಲ್ಲದಂತೆ. ಉಜ್ಜಬಾರದು, ಹಿಂಡಬಾರದು. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ, ಬೋ ನಡುವಿನ ಗೆರೆ ನೆಟ್ಟಗಿದೆಯೇ ನೋಡಿ ಒಣಗಿಸಿ. ಒದ್ದೆ ಸ್ವೆಟರಿನ ಕಪ್ಪು ಭಾಗ ಬೋ ಮೇಲೆ ಮಡಚಿ ಬೀಳದಿರಲಿ. ಬಣ್ಣ ಹತ್ತುವುದು ತೊಟ್ಟಿಯಲ್ಲಿ ಕಡಿಮೆ, ಹೀಗೆ ಮಡಚಿಟ್ಟಾಗಲೇ ಹೆಚ್ಚು. ಹ್ಯಾಂಗರಿಗೆ ತೂಗಬೇಡಿ, ಹೆಗಲಲ್ಲಿ ಮೊಳಕೆಯಂತೆ ಉಬ್ಬು ಬರುತ್ತದೆ. ಒಗೆದು ಪೂರ್ತಿ ಒಣಗಿದ ಮೇಲಷ್ಟೇ ಮುಚ್ಚಿದ ಚೀಲದಲ್ಲಿಡಿ. ನುಸಿ ಹುಳು ಮೊದಲು ಹುಡುಕುವುದು ಬೆವರು, ಎಣ್ಣೆ ಮೆತ್ತಿದ ಉಣ್ಣೆಯನ್ನು.

ಸವೆಯುವುದು ಮೊಣಕೈಯಲ್ಲಿ. ಅಲ್ಲಿ ಮೇಲಿನ ಕಪ್ಪು ತೆಳುವಾದಂತೆ ಹಿಂದಿನ ಬಿಳಿ ದೊಡ್ಡದಾಗಿ ಕಾಣತೊಡಗುತ್ತದೆ. ಅದೇ ಎಚ್ಚರಿಕೆ, ತೂತು ಬೀಳಲು ಕಾಯಬೇಡಿ. ದಪ್ಪ ಸೂಜಿಗೆ ಕಪ್ಪು ದಾರ ಪೋಣಿಸಿ, ಇರುವ ಕುಣಿಕೆಯ ಜಾಡಿನಲ್ಲೇ ಮೇಲಿಂದ ಇನ್ನೊಂದು ಕುಣಿಕೆ ಎಳೆಯುತ್ತ ಬನ್ನಿ, ಚುಕ್ಕೆಯ ಜಾಗ ಬಂದಾಗ ಬಿಳಿಯನ್ನು ಮುಚ್ಚದೆ ಪಕ್ಕಕ್ಕೆ ಹಾಯ್ದುಹೋಗಿ. ಇದಕ್ಕಾಗಿ ಎರಡೂ ಬಣ್ಣದಲ್ಲಿ 10 ಗ್ರಾಮ್ ದಾರವನ್ನು ಮೊದಲೇ ತೆಗೆದಿಟ್ಟು, ಸ್ವೆಟರು ಒಗೆದಾಗಲೆಲ್ಲ ಜೊತೆಗೇ ಒಗೆಯಿರಿ. ಆಗ ಐದು ವರ್ಷದ ನಂತರ ಹಾಕಿದ ತೇಪೆಯ ಬಣ್ಣವೂ ಮೈಯ ಬಣ್ಣಕ್ಕೆ ಕೂಡುತ್ತದೆ.